ಮೇಷ್ಟ್ರು ಡಿಕ್ಕಿಯಲ್ಲಿ ಕಂಡ ಸತ್ಯ

ವಿದ್ಯುತ್ತಿನ ವಿಷಯದಲ್ಲಿ ಮೇಷ್ಟ್ರಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಎಂಟನೇ ತರಗತಿಗೆ ಅದೇ ಪಾಠ ಮಾಡುತ್ತಿದ್ದವರು ಅವರು. ಕರಿಹಲಗೆಯ ಮೇಲೆ ಅವರು ಬರೆದ ಬಲ್ಬು ಇದುವರೆಗೆ ಒಂದೂ ಕೆಟ್ಟದ್ದಿಲ್ಲ. ಹೀಗಾಗಿ, ಮನೆ ಮುಂದಿನ ಕಾರು ಸತತ ಮೂರನೆಯ ಬೆಳಿಗ್ಗೆಯೂ 'ಟಕ್' ಎಂದು ಒಂದು ಸಲ ಗೊಣಗಿ ಸುಮ್ಮನಾದಾಗ, ಅವರು ಸ್ಟೀರಿಂಗಿನ ಮೇಲೆ ಬಲಗೈಯಿಟ್ಟು ಪ್ರತಿಜ್ಞೆ ಮಾಡಿದರು.

"ಈ ಗಾಡೀನ ಇನ್ನು ಯಾವ ಮೆಕ್ಯಾನಿಕ್ಕೂ ಮುಟ್ಟೋದು ಬೇಡ. ಏನು ಕಾಯಿಲೆ ಅಂತ ನಾನೇ ಕಂಡುಹಿಡೀತೀನಿ."

"ಭಾನುವಾರದೊಳಗೆ ಕಂಡುಹಿಡೀರಿ," ಎಂದಳು ಹೆಂಡತಿ, ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತ.

ಭಾನುವಾರದ ಗಡುವು ಮಾವನವರದು. ಕಾರೂ ಅವರದೇ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮಾವ, ದಿನದ ಕೊನೆಯಲ್ಲಿ ಗಾಡಿಯ ದೋಷಗಳನ್ನು ಡಿಪೋದ ಪುಸ್ತಕದಲ್ಲಿ ಬರೆಯದೆ ಒಂದು ದಿನವೂ ಮನೆಗೆ ಹೋದವರಲ್ಲ. ಈ ಕಾರಿನಲ್ಲೇ ಅವರು ದೊಡ್ಡ ಮಗಳಿಗೆ, ಅಂದರೆ ಮೇಷ್ಟ್ರ ಹೆಂಡತಿಗೆ, ಗೇರು ಹಾಕುವುದನ್ನು ಕಲಿಸಿದ್ದರು. ಮಂಡಿನೋವು ಶುರುವಾದ ಮೇಲೆ ಕಾರನ್ನು ಅವಳ ಮನೆಗೆ ಬಿಟ್ಟರು. ಒಂದು ಕೀಲಿಯನ್ನು ಮಾತ್ರ ತಮ್ಮ ಜೇಬಿನಲ್ಲೇ ಉಳಿಸಿಕೊಂಡರು. ಈಗ ಸುದ್ದಿ ತಿಳಿದು ಫೋನು ಮಾಡಿದ್ದರು.

"ಅಳಿಯಂದ್ರೇ, ಭಾನುವಾರ ಹತ್ತು ಗಂಟೆಗೆ ಬರ್ತೀನಿ. ಸ್ಟಾರ್ಟ್ ಆದ್ರೆ ಗಾಡಿ ನಿಮ್ಮಲ್ಲೇ ಇರ್ಲಿ. ಇಲ್ಲಾಂದ್ರೆ ಚಿಕ್ಕ ಮಗಳ ಮನೆಗೆ ಕಳಿಸ್ತೀನಿ. ಆ ಅಳಿಯಂದ್ರು ಗಾಡೀನ ಮಗು ಥರ ನೋಡ್ಕೋತಾರೆ. ಅಂದ ಹಾಗೆ, ನನ್ನ ಚಪ್ಪಲಿ ಸಿಕ್ತಾ?"

ಷಡ್ಡಕನ ಹೊಗಳಿಕೆಯನ್ನು ಮೇಷ್ಟ್ರು ಹೇಗೋ ನುಂಗಿಕೊಳ್ಳುತ್ತಿದ್ದರು. ಆದರೆ ಅವತ್ತು ಸಂಜೆ ಹೆಂಡತಿ ಯಾರೂ ಇಲ್ಲವೆಂದುಕೊಂಡು ಕಾರಿನ ಬಾಗಿಲನ್ನು ಸೆರಗಿನಿಂದ ಒರೆಸುತ್ತಿದ್ದುದನ್ನು ಕಿಟಕಿಯಿಂದ ನೋಡಿಬಿಟ್ಟರು. ಕಾರು ಹೋದರೆ ಅವಳು ಒಂದು ಮಾತೂ ಆಡುವುದಿಲ್ಲ. ಆ ಮೌನವನ್ನು ಸಹಿಸುವ ಶಕ್ತಿ ಅವರಿಗಿರಲಿಲ್ಲ.

ಚಪ್ಪಲಿಯ ಕಥೆ ಬೇರೆಯೇ. ಮೂರು ವಾರದ ಹಿಂದೆ ಮಾವ ಬಂದು ಹೊರಡುವಾಗ ಅವರ ಎಡಗಾಲಿನ ಚಪ್ಪಲಿ ಮಾಯವಾಗಿತ್ತು. ಅಪವಾದ ಎದುರು ಮನೆಯ ನಾಯಿಯ ತಲೆಗೆ ಬಂತು. ಮೇಷ್ಟ್ರು ಆಗ ನಾಯಿಯ ಪರವಾಗಿ ಒಂದಕ್ಷರವನ್ನೂ ಆಡಲಿಲ್ಲ, ಏಕೆಂದು ಮುಂದೆ ತಿಳಿಯುತ್ತದೆ.

ತನಿಖೆ ಬುಧವಾರ ಆರಂಭವಾಯಿತು. ಕರೆಂಟು ಅಳೆಯುವ ಹೊಸ ಮಲ್ಟಿಮೀಟರ್ ಬಂತು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ 'ಉದ್ದೇಶ, ಉಪಕರಣಗಳು, ವೀಕ್ಷಣೆ, ತೀರ್ಮಾನ' ಎಂದು ಗೆರೆ ಹೊಡೆದದ್ದಾಯಿತು. ಎದುರು ಮನೆಯವರ ಕಾರಿನಿಂದ ವೈರು ಎಳೆದು ಬ್ಯಾಟರಿಗೆ ಜೀವ ತುಂಬಿ, ಇಂಜಿನ್ ಆರಿಸಿ, ಮೇಷ್ಟ್ರು ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದರು. ಹನ್ನೆರಡು ವೋಲ್ಟಿನ ಆಸುಪಾಸು. ಹದಿನಾಲ್ಕು ಬರಬೇಕೆಂದು ಓದಿದ್ದರು. ಕಾದರು. ಕಾಫಿ ಕುಡಿದು ಬಂದು ನೋಡಿದರು. ಮೀಟರು ಹಟ ಹಿಡಿದಿತ್ತು.

"ಆಲ್ಟರ್ನೇಟರ್ ಸತ್ತಿದೆ. ಬ್ಯಾಟರಿಗೆ ಕರೆಂಟು ತುಂಬೋದು ಅದೇ," ಎಂದು ತೀರ್ಪು ಕೊಟ್ಟರು. ಶಾಲೆಗೆ ರಜೆ ಹಾಕಿ ಗುರುವಾರವಿಡೀ ಕಾರಿನ ಹೊಟ್ಟೆಯೊಳಗೆ ಕೈ ಹಾಕಿ, ಮೂರು ಬೆರಳು ತರಚಿಕೊಂಡು, ಅದನ್ನು ಬಿಚ್ಚಿ ತರಕಾರಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು.

ಆಟೋ ಎಲೆಕ್ಟ್ರಿಕ್ ಅಂಗಡಿಯವನು ಅವರ ಹಳೆಯ ವಿದ್ಯಾರ್ಥಿ. ವಿದ್ಯುತ್ತಿನ ಪಾಠದಲ್ಲೇ ಮೇಷ್ಟ್ರು ಅವನನ್ನು ಎರಡು ಸಲ ಫೇಲು ಮಾಡಿದ್ದರು. ಅವನು ಯಾವ ಸೇಡೂ ಇಲ್ಲದೆ ಎದ್ದು ನಿಂತು ಕುರ್ಚಿ ಕೊಟ್ಟ. ಆಲ್ಟರ್ನೇಟರನ್ನು ತನ್ನ ಯಂತ್ರಕ್ಕೆ ಕಟ್ಟಿ ತಿರುಗಿಸಿದ. ಹದಿನಾಲ್ಕು ಬಿಂದು ಎರಡು.

"ಚಿನ್ನದಂಥಾ ಮಾಲು ಸಾರ್ ಇದು. ನೀವು ನೋಡಿದಾಗ ಇಂಜಿನ್ ಓಡ್ತಿತ್ತು ತಾನೆ?"

ಮೇಷ್ಟ್ರು ಅಂಗಡಿಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದರು.

"ಪರವಾಗಿಲ್ಲ ಸಾರ್, ಎಲ್ಲರೂ ಮಾಡೋದೇ," ಎಂದ ಅವನು. "ಇಂಜಿನ್ ತಿರುಗಿದ್ರೆ ತಾನೇ ಇದು ತಿರುಗೋದು. ನಿಮ್ಮ ಗಾಡಿ ನಿಂತಿದ್ದಾಗ ಏನೋ ಒಂದು ವಾರಗಟ್ಟಲೆಯಿಂದ ಸ್ವಲ್ಪ ಸ್ವಲ್ಪವೇ ಕರೆಂಟು ಕುಡೀತಿದೆ. ನಾನು ಬಂದು ಅರ್ಧ ಗಂಟೇಲಿ ಹುಡುಕಿಕೊಡ್ಲಾ?"

"ಬೇಡಪ್ಪ. ನೀನು ದಾರಿ ತೋರಿಸಿದ್ಯಲ್ಲ, ಅಷ್ಟು ಸಾಕು."

ಶುಕ್ರವಾರ ಬಿಚ್ಚಿದ್ದನ್ನು ಕಟ್ಟಿದರು. ಶನಿವಾರ ಒಂದೊಂದೇ ಫ್ಯೂಸು ಕಿತ್ತು ಮೀಟರು ನೋಡಿದರು. ಒಂದು ಫ್ಯೂಸು ಕಿತ್ತಾಗ ಕರೆಂಟಿನ ಹರಿವು ತಟ್ಟನೆ ನಿಂತಿತು. ಆ ಫ್ಯೂಸಿನಿಂದ ಕರೆಂಟು ಹೋಗುವುದು ಮೂರಕ್ಕೆ: ರೇಡಿಯೋ, ಒಳಗಿನ ದೀಪ, ಡಿಕ್ಕಿಯ ದೀಪ. ರೇಡಿಯೋ ನಿರಪರಾಧಿ. ಒಳಗಿನ ದೀಪ ಆರಿತ್ತು. ಉಳಿದದ್ದು ಡಿಕ್ಕಿಯ ದೀಪ. ಅಷ್ಟರಲ್ಲಿ ಕತ್ತಲಾಗಿತ್ತು; ಕಿತ್ತ ಫ್ಯೂಸನ್ನು ಮತ್ತೆ ಸಿಕ್ಕಿಸಿ ಮಲಗಿದರು.

ಭಾನುವಾರ ಬೆಳಿಗ್ಗೆ ಬ್ಯಾಟರಿ ಮತ್ತೆ ನೆಲಕಚ್ಚಿತ್ತು. ಆಗ ಒಂಬತ್ತೂ ಮುಕ್ಕಾಲು. ಮೇಷ್ಟ್ರು ಡಿಕ್ಕಿ ತೆರೆದರು. ಮೂಲೆಯ ದೀಪ ಕೊನೆಯುಸಿರು ಎಳೆಯುತ್ತಿತ್ತು.

"ಮುಚ್ಚಿದ ಮೇಲೆ ಇದು ಆರುತ್ತೋ ಇಲ್ವೋ, ಅದೇ ಪ್ರಶ್ನೆ," ಎಂದರು.

"ಮೊಬೈಲಲ್ಲಿ ವಿಡಿಯೋ ಹಾಕಿ ಒಳಗಿಟ್ಟು ಮುಚ್ಚಿ. ಆಮೇಲೆ ತೆಗೆದು ನೋಡಿದ್ರಾಯ್ತು," ಎಂದಳು ಹೆಂಡತಿ.

"ಕಣ್ಣಿಂದ ನೋಡದೆ ಬರೆಯಬಾರದು ಅಂತ ನಾನು ಮಕ್ಕಳಿಗೆ ಹೇಳೋನು. ನೀನು ಮುಚ್ಚು."

ಹೇಳಿದವರೇ ನೋಟುಬುಕ್ಕು, ಪೆನ್ನಿನ ಸಮೇತ ಒಳಗೆ ಹತ್ತಿ, ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಮಲಗಿದರು. ಅವಳು ನಿಟ್ಟುಸಿರು ಬಿಟ್ಟು ಮುಚ್ಚಳ ಒತ್ತಿದಳು. ಕಟಕ್ ಎಂದು ಬೀಗ ಬಿತ್ತು.

ದೀಪ ಆರಲಿಲ್ಲ. ಮೇಷ್ಟ್ರಿಗೆ ಸಂತೋಷದಿಂದ ಕಣ್ಣಲ್ಲಿ ನೀರು ಬಂತು. ಆ ಮಂದ ಬೆಳಕಿನಲ್ಲೇ ಬರೆದುಕೊಂಡರು. ಆಮೇಲೆ, ಏಕೆ ಆರಲಿಲ್ಲ ಎಂದು ಮೂಗಿನ ಮುಂದೆಯೇ ಇದ್ದ ಅಂಚನ್ನು ನೋಡಿದರು. ಮುಚ್ಚಳ ಒತ್ತಿ ದೀಪ ಆರಿಸಬೇಕಾದ ಪುಟ್ಟ ಗುಂಡಿಗೂ ಮುಚ್ಚಳಕ್ಕೂ ನಡುವೆ ಬೆರಳಗಲ ಸಂದಿ. ಆ ಸಂದಿಗೆ ಕಾರಣ, ಮುಚ್ಚಳದ ಗಡಗಡ ಸದ್ದು ನಿಲ್ಲಿಸಲೆಂದು ಮೂರು ವಾರದ ಹಿಂದೆ ಅವರೇ ಅಂಟಿಸಿದ ದಪ್ಪನೆಯ ರಬ್ಬರು. ಮೆಟ್ಟಿಲ ಬಳಿ ಬಿದ್ದಿದ್ದ, ಬೇಡದ್ದಿರಬೇಕೆಂದು ಅವರು ಎತ್ತಿ ಕತ್ತರಿಸಿದ ಒಂದು ಹಳೆಯ ಚಪ್ಪಲಿಯ ಹಿಮ್ಮಡಿ.

"ಸಿಕ್ತು, ತೆಗಿ," ಎಂದರು ಕ್ಷೀಣವಾಗಿ.

"ಕೀಲಿ ಕೊಟ್ಟರೆ ತೆಗೀತೀನಿ."

ಮೇಷ್ಟ್ರು ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡರು. ಕೀಲಿ ಭದ್ರವಾಗಿತ್ತು.

ಅಷ್ಟರಲ್ಲಿ ಗೇಟಿನ ಸದ್ದಾಯಿತು.

"ಏನಮ್ಮ, ಅಳಿಯಂದ್ರು ಎಲ್ಲಿ?" ಮಾವನವರ ದನಿ.

"ಡಿಕ್ಕಿಯಲ್ಲಿದಾರೆ ಅಪ್ಪ."

ಮಾವನವರ ಹೆಜ್ಜೆಗಳು ಕಾರಿನ ಹಿಂಭಾಗಕ್ಕೆ ಬಂದು ನಿಂತವು. ಹೀಗೇ ಬಿಟ್ಟರೆ ಅಗೌರವವಾದೀತೆಂದು ಒಳಗಿನಿಂದಲೇ ಮೇಷ್ಟ್ರು, "ನಮಸ್ಕಾರ ಮಾವ, ಪ್ರಯಾಣ ಸುಖವಾಗಿತ್ತಾ?" ಎಂದರು.

"ನಮ್ಮದು ಸುಖವಾಗಿತ್ತು. ನಿಮ್ಮದು?"

ಮಾವ ತಮ್ಮ ಜೇಬಿನ ಕೀಲಿ ತೆಗೆದು ತಿರುಗಿಸಿದರು. ಮುಚ್ಚಳ ಮೇಲೆದ್ದಿತು. ಅವರು ಅಳಿಯನನ್ನು ನೋಡಲಿಲ್ಲ. ಮೂವತ್ತು ವರ್ಷದ ಅನುಭವದ ಕಣ್ಣು ನೇರವಾಗಿ ಅಂಚಿನ ರಬ್ಬರಿನ ಮೇಲೆ ಹೋಯಿತು. ಕಿತ್ತು, ಅಂಗೈಯಲ್ಲಿಟ್ಟು, ತಿರುಗಿಸಿ ನೋಡಿದರು.

"ಇದರ ಒಂದು ಕಡೆ ಸವೆದಿದೆ. ಕ್ಲಚ್ಚು ಒತ್ತಿ ಒತ್ತಿ ಸವೆಯೋದು ಎಡಗಾಲಿನ ಚಪ್ಪಲಿ ಮಾತ್ರ," ಎಂದರು ನಿಧಾನವಾಗಿ. "ಪಾಪ, ಆ ನಾಯೀನ ನಾನು ಎಷ್ಟು ಬೈದೆ."

ಮೇಷ್ಟ್ರಿಗೆ ಮುಚ್ಚಳ ಇನ್ನೊಮ್ಮೆ ಹಾಕಿಕೊಂಡು ಒಳಗೇ ಇದ್ದುಬಿಡೋಣ ಅನ್ನಿಸಿತು. ಹೆಂಡತಿ ಮಾತ್ರ ತಂದೆಯ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು.

"ಗಾಡಿ ಎಲ್ಲಿಗೂ ಹೋಗಲ್ಲ ಕಣಮ್ಮ," ಎಂದು ಮಾವ ತಮ್ಮ ಕೀಲಿಯನ್ನು ಅವಳ ಕೈಯಲ್ಲಿಟ್ಟರು. "ಇದನ್ನೂ ನೀನೇ ಇಟ್ಕೊ. ಅವರ ಜೇಬಲ್ಲಿರೋದನ್ನೂ ಇಸ್ಕೊ. ಈಗ ಸ್ಟೀರಿಂಗ್ ಹಿಡಿ. ತಳ್ಳೋಕೆ ಅಳಿಯಂದ್ರಿದಾರೆ."

ಮೇಷ್ಟ್ರು ಬೀದಿಯ ತುದಿಯವರೆಗೆ ತಳ್ಳಿದರು. ಎದುರು ಮನೆಯ ನಾಯಿ ಜೊತೆಗೇ ನಡೆದು ಬಂದು ಎಲ್ಲವನ್ನೂ ನೋಡಿತು. ಇಂಜಿನ್ ಗುರ್ ಎಂದಿತು. ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ, "ಬ್ಯಾಟರಿ ಚಾರ್ಜ್ ಆಗ್ಬೇಕು, ಇಂಜಿನ್ ಆರಿಸೋ ಹಾಗಿಲ್ಲ," ಎಂದು ನಗುತ್ತ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇ ಹೋದಳು. ಅವಳು ಅಷ್ಟು ನಗುವುದನ್ನು ಮೇಷ್ಟ್ರು ಎಷ್ಟೋ ದಿನದಿಂದ ನೋಡಿರಲಿಲ್ಲ.

ಒಂದು ಗಂಟೆಯ ನಂತರ ಕಾರಿನ ಜೊತೆಗೆ ಡಿಕ್ಕಿಯಲ್ಲೇ ಉಳಿದಿದ್ದ ನೋಟುಬುಕ್ಕೂ ವಾಪಸು ಬಂತು. ಮೇಷ್ಟ್ರು ಬಿಡಿಸಿ ನೋಡಿದರು. 'ವೀಕ್ಷಣೆ: ದೀಪ ಉರಿಯುತ್ತಿದೆ' ಎಂದು ತಾವೇ ಬರೆದಿದ್ದರು. 'ತೀರ್ಮಾನ' ಎಂಬಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ಮಾವ ಡಿಪೋದ ಪುಸ್ತಕ ತುಂಬುವ ದಪ್ಪ ಅಕ್ಷರದಲ್ಲಿ ತುಂಬಿದ್ದರು.

'ಬ್ಯಾಟರಿ ಸರಿ ಇದೆ. ಆಲ್ಟರ್ನೇಟರ್ ಸರಿ ಇದೆ. ಡಿಕ್ಕಿಯಲ್ಲಿ ಅಳಿಯಂದಿರು ಸಿಕ್ಕಿದರು. ಹೊರಗೆ ತೆಗೆದ ಮೇಲೆ ಗಾಡಿ ಚೆನ್ನಾಗಿ ಓಡುತ್ತಿದೆ.'