ಕೂಸಿವಿರ್ತದ ಹಳಿಯ ಮೇಲೆ ಬಂದಿಳಿದ ದಿಮ್ಮಿಯ ಅಹವಾಲು

ಕೂಸಿವಿರ್ತ ಪುರಸಭೆಯ ಇತಿಹಾಸ ಫಲಕ ಸಮಿತಿಯ ಮಾನ್ಯರೇ,

ಟೋಪಿ ತೆಗೆದು, ಕೈಗವಸು ಕಳಚಿ, ನಾಲ್ಕು ಕಿಲೋಮೀಟರ್ ಉದ್ದದ ವಂದನೆಗಳು.

ಕಾಗದದ ಕಾರ್ಖಾನೆಗೆ ಮರ ಸಾಗಿಸುತ್ತಿದ್ದ ನಮ್ಮೂರ ನಾಲ್ಕೇ ಕಿಲೋಮೀಟರಿನ ಪುಟ್ಟ ರೈಲುಹಳಿಯನ್ನು ಕಿತ್ತು ಸೈಕಲ್ ದಾರಿ ಮಾಡಿ, ಅದರ ಅರವತ್ತೆಂಟು ವರ್ಷಗಳ ಚರಿತ್ರೆಯನ್ನು ಹನ್ನೊಂದೇ ಸಾಲಿನಲ್ಲಿ ಮುಗಿಸಿದ ತಮ್ಮ ಜಾಣ್ಮೆಗೆ ತಲೆಬಾಗುತ್ತೇನೆ. ಫಲಕದ ಏಳನೆಯ ಸಾಲು, 'ಈ ಮಾರ್ಗದಲ್ಲಿ ಸರಕಲ್ಲದೆ ಒಂದು ನರಪಿಳ್ಳೆಯೂ ಪ್ರಯಾಣಿಸಿಲ್ಲ' ಎನ್ನುತ್ತದೆ. ಆ ನರಪಿಳ್ಳೆ ನಾನು.

1951ರ ಮಾರ್ಚಿನಲ್ಲಿ ನನ್ನ ತಾಯಿ ಹಿಲ್ಯಾ, ಕಾರ್ಖಾನೆಯ ಬಳಿಯಿದ್ದ ಅಜ್ಜಿಯ ಹಬೆಸ್ನಾನದ ಸೌನಾಮನೆಯ ಬೆಚ್ಚನೆಯಲ್ಲಿ ಎಲ್ಲರಂತೆ ಹೆರೋಣವೆಂದು ಹೊರಟು, ರಸ್ತೆಯೆಲ್ಲ ಹಿಮದಲ್ಲಿ ಹೂತಿದ್ದರಿಂದ ದಿಮ್ಮಿಯ ವ್ಯಾಗನ್ ಹತ್ತಿದರು. ಚಾಲಕರು ಇಳಿದು, ಕಾಫಿ ಕುಡಿದು, ಓಡಿಬಂದು ಮತ್ತೆ ಹತ್ತಿಕೊಳ್ಳಬಹುದಾದಷ್ಟು ಸಭ್ಯವಾದ ವೇಗ ಆ ರೈಲಿನದು. "ಸ್ವಲ್ಪ ತಡ್ಕೊ ತಾಯಿ, ಇನ್ನೊಂದೇ ತಿರುವು!" ಎಂದು ಗಾರ್ಡ್ ಸುಲೋ ಅವರು ಬೇಡಿಕೊಂಡರಂತೆ. "ನಾನು ತಡ್ಕೋತೀನಿ ಮಾರಾಯ, ಇದಕ್ಕೆ ಹೇಳು!" ಎಂದರಂತೆ ಅಮ್ಮ. ನಾನು ಯಾರ ಮಾತನ್ನೂ ಕೇಳಲಿಲ್ಲ.

ಹತ್ತಿದ್ದಕ್ಕಿಂತ ಒಂದು ಹೆಚ್ಚು ಇಳಿಯುತ್ತಿರುವುದನ್ನು ಬರೆಯದೆ ಬಿಡಲಾರದಷ್ಟು ಪ್ರಾಮಾಣಿಕರಾದ ಸುಲೋ, ಸರಕಿನ ಚೀಟಿಯಲ್ಲಿ ಮನುಷ್ಯರಿಗೆ ಕಾಲಂ ಇಲ್ಲದ್ದರಿಂದ, 'ಪೈನ್ ದಿಮ್ಮಿ, ಒಂದು, ಗಿಡ್ಡ, ಹಸಿ, ತೊಗಟೆ ತೆಗೆದದ್ದು' ಎಂದು ನಮೂದಿಸಿದರು. ಆ ದಿಮ್ಮಿ ಅರೆಯುವ ಯಂತ್ರಕ್ಕೆ ಇನ್ನೂ ತಲುಪಿಲ್ಲವೆಂದು, ನಾನು ಶಾಲೆಗೆ ಸೇರುವವರೆಗೂ ಕಾರ್ಖಾನೆಯಿಂದ ವರ್ಷವರ್ಷವೂ ಮನೆಗೆ ಪತ್ರ ಬರುತ್ತಿತ್ತು. ಎಂಥ ಕಾಳಜಿ ನೋಡಿ!

ದಿಮ್ಮಿಯೆನಿಸಿಕೊಂಡದ್ದಕ್ಕೆ ನನಗೇನೂ ಬೇಸರವಿಲ್ಲ. ಆದರೆ ತೊಂಬತ್ತೈದರ ಅಮ್ಮನನ್ನು ಮೊನ್ನೆ ಗಾಲಿಕುರ್ಚಿಯಲ್ಲಿ ಫಲಕದ ಮುಂದೆ ನಿಲ್ಲಿಸಿದಾಗ, ಅವರು ಏಳನೆಯ ಸಾಲನ್ನು ಎರಡು ಸಲ ಓದಿ, "ಹಂಗಾದ್ರೆ ಅವತ್ತು ಅರಚಿದ್ದು ಯಾರೇ?" ಎಂದು ಕೇಳಿದರು.

ಆದ್ದರಿಂದ ಅಮ್ಮ ಇರುವಾಗಲೇ ಆ ಸಾಲನ್ನು ತಿದ್ದಿಸಬೇಕಾಗಿ ಪ್ರಾರ್ಥನೆ. ಚರಿತ್ರೆ ತಿದ್ದಲು ನಿಯಮ ಅಡ್ಡಬರುವುದಾದರೆ, ದಯವಿಟ್ಟು ಹಳಿಗಳನ್ನು ಮತ್ತೆ ಹಾಸಿ, ಮುಚ್ಚಿದ ಕಾರ್ಖಾನೆಯ ಬಾಗಿಲು ತೆರೆದು, ತಲುಪದೆ ಉಳಿದ ದಿಮ್ಮಿಯನ್ನು ಅರೆಯಲು ಕರೆಸಿಕೊಳ್ಳಿ, ಹಲ್ಲುಜ್ಜಿಕೊಂಡು ಬರುತ್ತೇನೆ. ನನ್ನಿಂದ ತಯಾರಾಗುವ ಕಾಗದದಲ್ಲಿ ಅಮ್ಮನ ಹೆಸರು ಬರೆಯುವಷ್ಟಾದರೂ ಜಾಗ ಇದ್ದೀತು.

ಇಂತಿ, ಎಪ್ಪತ್ತು ದಾಟಿದರೂ ಒಣಗದ,
ತಮ್ಮ ವಿಶ್ವಾಸಿ,
ಐಲಿ ಪುಕ್ಕಿಲ

ಮರೆತಿದ್ದೆ: ತಮ್ಮ ಫಲಕದ ಕಂಬವೂ ಪೈನ್ ಮರದ್ದೇ. ಸವರಿ ನೋಡಿದೆ, ತೊಗಟೆಯನ್ನು ಅರ್ಧಕ್ಕೇ ಬಿಟ್ಟಿದ್ದೀರಿ. ಇಂಥ ಮಾಲನ್ನು ಸುಲೋ ವ್ಯಾಗನ್ನಿಗೆ ಹತ್ತಿಸುತ್ತಲೇ ಇರಲಿಲ್ಲ. ಅಮ್ಮನನ್ನೂ ನನ್ನನ್ನೂ ಹತ್ತಿಸಿಕೊಂಡಿದ್ದರು.