ಮಾವನವರ ಮೂಕ ರೈಲು

ದಣಿವು ಕೆಲಸದಿಂದ ಬರುತ್ತದೆ ಎಂದು ನಂಬಿರುವವರಿಗೆ ಬಹುಶಃ ಮಾವಂದಿರಿಲ್ಲ. ನಾನು ಬಟವಾಡಿ ಬಡಾವಣೆಯಲ್ಲಿ ಮೂರನೇ ಮಹಡಿಯ ಕೋಣೆಯೊಂದರಲ್ಲಿ ಮದುವೆ ವಿಡಿಯೋಗಳಿಗೆ ಸದ್ದು ಸೇರಿಸಿ ಹೊಟ್ಟೆ ಹೊರೆಯುವವನು. ಮುಹೂರ್ತದ ಹೊತ್ತಿಗೆ ಓಲಗದವರು ಕಾಫಿಗೆ ಹೋಗಿದ್ದರೂ ನನ್ನ ವಿಡಿಯೋದಲ್ಲಿ ಗಟ್ಟಿಮೇಳ ಮೊಳಗುತ್ತದೆ. ಧಾರೆಯಲ್ಲಿ ಅಳದ ತಾಯಂದಿರನ್ನೂ ಬಿಕ್ಕುವಂತೆ ಮಾಡಿದ್ದೇನೆ. ಅಂಥ ನನ್ನನ್ನು ಎರಡು ನಿಮಿಷದ ಒಂದು ರೈಲು ಮೂರು ವಾರ ಹಣ್ಣುಗಾಯಿ ನೀರುಗಾಯಿ ಮಾಡಿತು.

ರೈಲು ಗುಬ್ಬಿಯ ನಮ್ಮ ಮಾವನವರದು. ಕಲ್ಲಿದ್ದಲಿನ ಇಂಜಿನ್ ಓಡಿಸಿ ನಿವೃತ್ತರಾದವರು. ಅವರ ಸ್ನೇಹಿತರೊಬ್ಬರು ಆ ಕಾಲದಲ್ಲಿ ಪುಟ್ಟ ಕ್ಯಾಮೆರಾದಲ್ಲಿ ತೆಗೆದ ರೀಲು ಅದು. ಹೊಗೆ ಇದೆ, ಕಿಟಕಿಯಲ್ಲಿ ಮಾವನವರ ಮೀಸೆ ಇದೆ, ಸದ್ದು ಮಾತ್ರ ಇಲ್ಲ. "ಅಳಿಯಂದ್ರೇ, ಇದಕ್ಕೆ ಸೌಂಡ್ ಹಾಕ್ಕೊಡಿ. ನಿಮ್ಮತ್ತೆಗೆ ಒಂದ್ ಕಿವಿ ಆಗ್ಲೇ ಹೋಗಿದೆ, ಇನ್ನೊಂದೂ ಜಾಸ್ತಿ ದಿನ ಇರಲ್ಲ ಅಂದವ್ರೆ ಡಾಕ್ಟ್ರು. ಅಷ್ಟ್ರಲ್ಲಿ ಒಂದ್ಸಲ ಅವಳಿಗೆ ನನ್ ಗಾಡಿ ಕೇಳಿಸ್ಬೇಕು" ಎಂದರು. ಹೀಗೆಂದ ಮೇಲೆ ಆಗುವುದಿಲ್ಲ ಎನ್ನಲು ನನ್ನದೇನು ಕಲ್ಲಿನ ಎದೆಯೇ?

ಇಂಟರ್‌ನೆಟ್ಟಿನಿಂದ ತೆಗೆದು ಹಾಕಿದೆ. "ಇದ್ಯಾವ್ ದೇಶದ್ರೀ? ನಮ್ ಗಾಡಿ ಹಿಂಗೆ ಸೀನಲ್ಲ" ಎಂದರು. ಮನೆಯ ಕುಕ್ಕರನ್ನು ರೆಕಾರ್ಡ್ ಮಾಡಿದೆ. "ಇದ್ರಲ್ಲಿ ಬೇಳೆ ಬೇಯ್ತಾ ಇದೆ" ಎಂದರು. ಕುಣಿಗಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಹಳೆಯ ಸೈರನ್ ಇದೆಯೆಂದು ಸ್ಕೂಟರಿನಲ್ಲೇ ಹೋಗಿ ರೆಕಾರ್ಡ್ ಮಾಡಿ ತಂದೆ. "ಇದನ್ ಕೇಳಿ ಕೂಲಿಯೋರು ಊಟಕ್ಕೆ ಏಳ್ತಾರೆ, ಗಾಡಿ ಏಳಲ್ಲ!" ಎಂದರು. ಆ ಸೈರನ್ ತಂದ ದಿನ ಕುಣಿಗಲ್ಲಿನಿಂದ ಬಂದವನು ಸೊಂಟ ಹಿಡಿದುಕೊಂಡು ಮೂರು ಮಹಡಿ ಹತ್ತಿ ಮೈಕಿನ ಪಕ್ಕದಲ್ಲೇ ಕುಸಿದಿದ್ದೆ. ಮೈಕು ಆನ್ ಆಗಿಯೇ ಇದ್ದದ್ದು ನನಗೆ ಗೊತ್ತಾಗಿರಲಿಲ್ಲ. ಸೈರನ್ನನ್ನು ತಳ್ಳಿಹಾಕಿದ ಮಾವ ಅದರ ಹಿಂದೆಯೇ ಬಂದ ಸದ್ದು ಕೇಳಿ ಕುರ್ಚಿಯಿಂದ ಎದ್ದರು. "ಇದೇ! ಏರಲ್ಲಿ ಲೋಡ್ ಎಳಿಯೋವಾಗ ಹಿಂಗೇ ಏದುಸಿರು ಬಿಡ್ತಿತ್ತು!" ನನ್ನ ದಣಿವಿಗೆ ಜನ್ಮದಲ್ಲಿ ಸಿಕ್ಕ ಮೊದಲ ಶಹಭಾಸ್‌ಗಿರಿ ಅದು.

ಉಳಿದದ್ದು ರೈಲಿನ ಕೂಗು. ಆಗ ಒಬ್ಬೊಬ್ಬ ಡ್ರೈವರನದೂ ಒಂದೊಂದು ಕೂಗಂತೆ. ಮಾವನದು ಒಂದು ಉದ್ದ, ಎರಡು ಗಿಡ್ಡ. ಹಳಿಯ ಪಕ್ಕದ ಮನೆಯಲ್ಲಿ ಅದನ್ನು ಕೇಳಿದ ಕೂಡಲೇ ಅತ್ತೆ ಮುದ್ದೆಗೆ ಎಸರಿಡುತ್ತಿದ್ದರಂತೆ. "ನಾನೇ ಕೂಗ್ತೀನಿ ತಡೀರಿ" ಎಂದವರೇ ಹಲ್ಲಿನ ಸೆಟ್ಟು ತೆಗೆದು ಕರ್ಚೀಫಿನಲ್ಲಿ ಸುತ್ತಿಟ್ಟು, ಕಾಫಿ ಲೋಟದೊಳಗೆ ಕೂಗಿದರು. ನಾನು ಕಂಪ್ಯೂಟರಿನಲ್ಲಿ ಅದನ್ನು ದಪ್ಪ ಮಾಡಿದೆ.

ಭಾನುವಾರ ಗುಬ್ಬಿಯಲ್ಲಿ ಎಲ್ಲರ ಊಟವಾದ ಮೇಲೆ ಟಿವಿಗೆ ಹಾಕಿದೆವು. ಅತ್ತೆ ಒಳ್ಳೆಯ ಕಿವಿಯನ್ನು ಅತ್ತ ತಿರುಗಿಸಿ ಕುಳಿತರು. ನನ್ನ ಏದುಸಿರು ರೈಲನ್ನು ಎಳೆದುಕೊಂಡು ಬಂತು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಮೂರು ವಾರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತಲ್ಲ ಎಂದುಕೊಂಡೆ. ಆಗ ಕೂಗು ಬಂತು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಪಾತ್ರೆಗೆ ನೀರು ಬಿದ್ದ ಸದ್ದಾಯಿತು.

"ಅಮ್ಮಾ, ಈಗ್ತಾನೇ ಊಟ ಆಯ್ತಲ್ಲಾ!" ಎಂದು ನನ್ನ ಹೆಂಡತಿ ಕೂಗಿದಳು.

"ಗಾಡಿ ಬಂತಲ್ಲೇ" ಎಂದರು ಅತ್ತೆ.

ಮಾವ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾನೂ ಅದೇ ಟವೆಲ್ಲಿನ ಇನ್ನೊಂದು ತುದಿ ಹಿಡಿದೆ.

ಮರುದಿನ ಸಂಜೆ ನಮ್ಮ ಗೇಟಿನೆದುರು ಸ್ಕೂಟರ್ ನಿಲ್ಲಿಸಿ ಒಂದು ಉದ್ದ, ಎರಡು ಗಿಡ್ಡ ಹಾರ್ನ್ ಹೊಡೆದೆ. ನನ್ನ ಆಸೆ ನೋಡಿ! ಒಳಗಿನಿಂದ ಹೆಂಡತಿ, "ರೀ, ಯಾಕ್ ಹಂಗ್ ಬಡ್ಕೋತೀರಾ? ಗಾಡಿ ಹೆಂಗೂ ಸ್ಟಾರ್ಟ್‌ನಲ್ಲೈತಲ್ಲಾ, ಹಂಗೇ ಹೋಗಿ ಹಾಲ್ ತಂದ್ಬಿಡಿ" ಎಂದಳು. ಮಾವ ಮೆಚ್ಚಿದ ಆ ಏದುಸಿರನ್ನೇ ಬಿಡುತ್ತಾ ಸ್ಕೂಟರ್ ತಿರುಗಿಸಿದೆ.