ರಸಮಟ್ಟನ ಮಂಡಿ

ಎಲ್ಲ ರಾದ್ಧಾಂತಕ್ಕೂ ಕಾರಣ ಎಂಆರ್‌ಐ ವರದಿಯ ಒಂದು ಸಾಲು: ‘ಮಂಡಿಯ ಮೃದ್ವಸ್ಥಿಯಲ್ಲಿ ದೋಷ ಕಾಣುತ್ತಿಲ್ಲ.’

ಅಲ್ಲಿಯವರೆಗೆ ಅವನು ಮರ್ಯಾದಸ್ಥನಾಗಿದ್ದ. ನೆಲಕ್ಕೆ ಟೈಲ್ಸ್ ಕೂರಿಸುವುದರಲ್ಲಿ ಕೂದಲೆಳೆಯಷ್ಟೂ ಏರುಪೇರಾಗದ ಕೈ. ಅದಕ್ಕೇ ಎಲ್ಲರೂ ಅವನನ್ನು, ನೆಲದ ಮಟ್ಟ ನೋಡುವ ಸಾಧನದ ಹೆಸರಿಟ್ಟು, ರಸಮಟ್ಟ ಎಂದು ಕರೆಯುತ್ತಿದ್ದರು. ಮಂಡಿಯೂರಿ ಮಂಡಿಯೂರಿ ಎಡಗಾಲು ಕೈಕೊಟ್ಟಿತ್ತು. ಮೆಟ್ಟಿಲಿಳಿದರೆ ಚಿಪ್ಪಿನೊಳಗೆ ಯಾರೋ ಗಾಜು ಅರೆದಂತೆ. ಅವನು ಕೇಳಿದ್ದು ಟೈಲ್ಸ್ ಕತ್ತರಿಸುವ ಯಂತ್ರದ ಮುಂದಿನ ಸ್ಟೂಲನ್ನು. ಅವರ ಕೆಲಸಗಾರರ ಗುಂಪಿನಲ್ಲಿ ಕೂತು ಮಾಡುವ ಕೆಲಸ ಅದೊಂದೇ. ಕೊಡಬೇಕಾದವನು ಮೇಸ್ತ್ರಿ. ಮೇಸ್ತ್ರಿ ಎಂದರೆ ಹೆಣ್ಣು ಕೊಟ್ಟ ಮಾವ.

ಮಾವ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. “ಅಷ್ಟು ದೊಡ್ಡ ಮಷೀನು ಸುಳ್ಳು ಹೇಳುತ್ತಾ, ಅಳಿಯಂದ್ರೆ? ಇದು ಮಂಡಿ ನೋವಲ್ಲ, ಸೋಮಾರಿತನ.”

“ಇನ್ನೂ ಮೇಲೆ ಹಿಡೀರಿ ಮೇಸ್ತ್ರಿ, ನಾಟಕ ಎಲ್ಲಿ ಊದ್ಕೊಂಡಿದೆ ಅಂತ ಕಾಣ್ಬೋದು,” ಎಂದ ಗಾರೆ ಕಲಸುವವನು.

ಮೈಮುರಿದು ದುಡಿದವನ ಮಾತಿಗಿಂತ ಒಂದು ಹಾಳೆಯ ಮಾತು ಮೇಲಾಗಿತ್ತು! ರಸಮಟ್ಟನಿಗೆ ಮೈಯೆಲ್ಲ ಉರಿಯಿತು. ನೋವು ಹೋಗುತ್ತಿಲ್ಲವೆಂದು ಡಾಕ್ಟರಮ್ಮ, “ಮಂಡಿಗೆ ಸಣ್ಣ ತೂತು ಮಾಡಿ, ದುರ್ಬೀನು ಹಾಕಿ ಒಳಗೇ ನೋಡಿಬಿಡೋಣ” ಎಂದಾಗ ಕುಣಿದು ಒಪ್ಪಿದ. ಕುಣಿಯಲು ಕಾಲಿರಲಿಲ್ಲ, ಅಷ್ಟೇ.

ಆ ದಿನ ಅವನ ಬಣ್ಣ ಬಯಲಾಗುವುದನ್ನು ನೋಡಲು ಇಡೀ ಗುಂಪು ಕೆಲಸ ಬಿಟ್ಟು ಆಸ್ಪತ್ರೆಗೆ ಬಂದಿತ್ತು. ಬೆಂಚಿನ ಮೇಲೆ ಕೂತು ಕೂತು ಅವನ ಬಲಗಾಲಿಗೆ ಜೋಮು ಹಿಡಿಯಿತು. ನರ್ಸ್ ಕರೆದಾಗ ಗಡಬಡಿಸಿ ಎದ್ದವನು ಬಲಗಾಲಲ್ಲೇ ಕುಂಟಿದ.

“ಅಯ್ಯೋ, ನಿನ್ನೆ ಎಡಗಾಲಲ್ವಾ? ನೋವಿಗೂ ಶಿಫ್ಟ್ ಇದೆಯಾ?” ಎಂದ ಗಾರೆಯವನು.

“ಜೋಮು ಕಣೋ!”

“ಯಾವ ಕಾಲ್ರೀ?” ಎಂದಳು ನರ್ಸ್, ಪೆನ್ನು ಹಿಡಿದು.

“ಎರಡೂ ನೆಟ್ಟಗಿದೆ ಸಿಸ್ಟರ್, ತಲೆಗೆ ಗುರುತು ಹಾಕಿ,” ಎಂದ ಮಾವ. ಹೆಂಡತಿ ಕೂಡ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಅವನಿಗೆ ತಿಳಿಯಲಿಲ್ಲ.

ಸೊಂಟದ ಕೆಳಗೆ ಮರಗಟ್ಟಿಸಿ ಮಲಗಿಸಿದರು. ಎಚ್ಚರವಿತ್ತು, ಎದುರಿಗೆ ಮಂಡಿಯ ಒಳಗನ್ನು ತೋರಿಸುವ ಟೀವಿ. ಇದರಲ್ಲೂ ಏನೂ ಕಾಣದಿದ್ದರೆ ಮನೆಗೆ ಹೋಗಲು ಮುಖವಿಲ್ಲ. ತನ್ನ ಕಾಲು ಕೆಟ್ಟಿರಲಪ್ಪಾ ಎಂದು ಬೇಡಿಕೊಂಡ ಮನುಷ್ಯ ಅವನೊಬ್ಬನೇ ಇರಬೇಕು.

“ಇಲ್ನೋಡಪ್ಪ,” ಎಂದರು ಡಾಕ್ಟರಮ್ಮ. “ಈ ಬಿಳಿ ಪದರಾನೇ ಮೃದ್ವಸ್ಥಿ, ನುಣ್ಣಗಿರ್ಬೇಕು. ಇಲ್ಲಿ ಸುಲಿದು ನೇತಾಡ್ತಿದೆ.”

“ಮತ್ತೆ ಆ ಮಷೀನಿಗೆ ಯಾಕಮ್ಮ ಕಾಣ್ಲಿಲ್ಲ?”

“ಅದೂ ಒಳ್ಳೇದೇ. ದೊಡ್ಡ ಗಾಯ ಸಾಮಾನ್ಯವಾಗಿ ಬಿಡಲ್ಲ. ಮೇಲ್ಪದರದ ಸಣ್ಣ ಸೀಳು ಕೆಲವು ಸಲ ಅದರ ಕಣ್ಣು ತಪ್ಪಿಸುತ್ತೆ. ಕಣ್ಣಾರೆ ನೋಡಿದ ಹಾಗಾಗಲ್ಲ.”

“ನನ್ನ ಕಾಲು ಕೆಟ್ಟಿದೆ ಅಂದ್ರಲ್ಲ ತಾಯಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ!” ಎಂದು ಗಳಗಳ ಅತ್ತ. ಇಂಥ ಸುದ್ದಿಗೆ ಇಂಥ ಹರಕೆಯನ್ನು ಅವರು ಕೇಳಿರಲಿಲ್ಲ.

ಸೀಳನ್ನು ಸವರಿ ಸರಿಮಾಡಿ, ಹೊರಗೆ ಬಂದು ಎಲ್ಲರಿಗೂ ಹೇಳಿದರು. ಗುಂಪಿನ ಬಾಯಿಗೆ ಗಾರೆ ಮೆತ್ತಿದಂತಾಯಿತು. ಗಾರೆಯವನು ಮಂಚದ ಬಳಿ ಬಂದು, “ತಪ್ಪಾಯ್ತಣ್ಣ” ಎಂದ. ರಸಮಟ್ಟನ ಸಿಟ್ಟು ಬಿಸಿಲಿಗೆ ಬಿದ್ದ ಮಂಜುಗಡ್ಡೆಯಾಯಿತು. ಇನ್ನೇನು, ಸ್ಟೂಲು ಸಿಕ್ಕಂತೆಯೇ.

ಸಂಜೆ ಮಾವ ಬಂದ. ಬಂದವನೇ ಅಳಿಯನ ಎರಡೂ ಕೈ ಹಿಡಿದುಕೊಂಡ.

“ನಿಮ್ಮ ಋಣ ಹೇಗೆ ತೀರಿಸ್ಲಿ? ನಿಮ್ಮ ಮದುವೆಗೆ ಮುಂಚೇನೇ ಆ ಮಷೀನು ನನಗೂ ಇದೇ ಮಾತು ಹೇಳಿತ್ತು. ಅವತ್ತಿಂದ ನೋವು ನುಂಗ್ಕೊಂಡು, ನನ್ನನ್ನ ನಾನೇ ಸೋಮಾರಿ ಅಂತ ಬೈಕೊಂಡು ಬದುಕಿದೀನಿ. ಈಗ ಡಾಕ್ಟ್ರಮ್ಮ ನನ್ನ ಮಂಡೀನೂ ಒತ್ತಿ ನೋಡಿದ್ರು. ಒಳಗೆ ಇಣುಕೋಣ, ಇನ್ಮೇಲೆ ಮಂಡಿ ಊರ್ಲೇಬೇಡಿ ಅಂದ್ರು. ಹಾಗಾಗಿ...”

“ಹಾಗಾಗಿ?”

“ಆ ಸ್ಟೂಲಲ್ಲಿ ನಾನು ಕೂರ್ತೀನಿ.”

ಹೆಂಡತಿಯ ಕಣ್ಣು ತುಂಬಿ ಬಂತು. “ನಮ್ಮಪ್ಪನ್ನ ಉಳಿಸಿದ್ರಿ ಕಣ್ರೀ. ನಿಮ್ಮಂಥ ಅಳಿಯ ಯಾರಿಗಿದಾನೆ!”

ರಸಮಟ್ಟ, “ಕೂತ್ಕೊಳ್ಳಿ ಮಾವ,” ಎಂದ.

ಮಾವ ಪ್ಯಾಂಟನ್ನು ಮೇಲೆ ಸುತ್ತಿದ. ಯಾರ ಕಣ್ಣಿಗೂ ಬೀಳದಂತೆ ಒಳಗೆ ಕಟ್ಟಿಕೊಂಡಿದ್ದ ದಪ್ಪ ಮೆತ್ತೆಗಳನ್ನು ಎರಡೂ ಮಂಡಿಗಳಿಂದ ಬಿಚ್ಚಿ ಅಳಿಯನ ಮಡಿಲಿಗಿಟ್ಟ.

“ನನಗಿನ್ನು ಬೇಡ. ಗಾಯ ಮಾಯೋವರೆಗೂ ಆರಾಮಾಗಿರಿ. ಆಮೇಲೆ ಇದನ್ನ ಕಟ್ಕೊಂಡು ಕೆಲಸಕ್ಕೆ ಬನ್ನಿ.”

ಮೆತ್ತೆಗಳು ಇನ್ನೂ ಬೆಚ್ಚಗಿದ್ದವು.